ಹರಳುಗಟ್ಟಿದ ಹಾಲು

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹಾಲು ಕಂಡರೆ ಎದೆ ಧಸಕ್ಕೆನ್ನುತ್ತದೆ. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಚೆನ್ನಾಗಿ ಸೊಪ್ಪು ಮೇಯುತ್ತಿದ್ದ ಹುಳುಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಮೇವು ಬಿಡುತ್ತವೆ. ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡುತ್ತವೆ. ಮೈ ಊದಿಕೊಂಡು ಹೊಳೆಯುತ್ತದೆ, ಉಂಗುರ ಉಂಗುರದ ನಡುವಿನ ಚರ್ಮ ಉಬ್ಬಿ ಬರುತ್ತದೆ. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಅಂಥ ಹುಳುವಿನತ್ತ ನಾನು ಕೈ ಚಾಚಿದಾಗ ಮನೆಯಾಕೆ ತಡೆದರು: "ಮುಟ್ಬೇಡಿ ಸಾರ್, ಹಾಲುತೊಂಡೆ ಅದು. ಮುಟ್ಟಿದ ಕೈಲಿ ಬೇರೆ ತಟ್ಟೆ ಮುಟ್ಟಿದ್ರೆ ಎಲ್ಲಾ ಹೋಯ್ತದೆ." ಅವರೇ ಒಂದು ಕಡ್ಡಿಯಿಂದ ಹುಳುವನ್ನು ಎತ್ತಿ ಬೇರೆ ಇಟ್ಟರು. ಅಷ್ಟಕ್ಕೇ ಅದರ ಚರ್ಮ ಒಡೆದು, ಗಂಜಿ ಬಸಿದಂಥ ಬಿಳಿಯ ರಸ ಒಸರಿತು.

ಆ ರಸದ ಒಂದು ತೊಟ್ಟನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಡಿ ನೋಡಿದರೆ, ಹುಳುವಿನ ರಕ್ತ ಹಾಲಾಗಿರುವುದು ಏಕೆಂದು ತಿಳಿಯುತ್ತದೆ. ಕೆಲವೇ ಮೈಕ್ರಾನ್ ಅಗಲದ, ಮೂಲೆಗಳು ಚೊಕ್ಕವಾಗಿರುವ, ಬೆಳಕು ಬಿದ್ದರೆ ಮಿನುಗುವ ಲೆಕ್ಕವಿಲ್ಲದಷ್ಟು ಕಣಗಳು ಅಲ್ಲಿ ತೇಲುತ್ತಿರುತ್ತವೆ. ಅವು ಪ್ರೊಟೀನಿನ ಹರಳುಗಳು. ಹುಳುವಿನ ಜೀವಕೋಶದೊಳಗೆ ನುಗ್ಗಿದ ವೈರಸ್ಸು ತನ್ನ ಸಂತತಿಗೆ ಕಟ್ಟಿಸಿಕೊಂಡ ಭದ್ರವಾದ ಪೆಟ್ಟಿಗೆಗಳು. ಮಳೆಗೆ ಜಗ್ಗದೆ ಮಣ್ಣಿನಲ್ಲಿ, ತಟ್ಟೆಯ ಸಂದಿಯಲ್ಲಿ ಕಾದಿದ್ದು, ಇನ್ನೊಂದು ಹುಳುವಿನ ಹೊಟ್ಟೆಯ ಕ್ಷಾರದಲ್ಲಿ ಮಾತ್ರ ಅವು ಕರಗುತ್ತವೆ.

ಹಾಲುತೊಂಡೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಕೀಟದ ಮೈಯಲ್ಲಿ ಹಾಲಿನಂಥ ದ್ರವ, ಆ ದ್ರವದಲ್ಲಿ ಪ್ರೊಟೀನಿನ ಹರಳು ಎಂಬುದು ನಮ್ಮ ರೇಷ್ಮೆ ಬೆಳೆಗಾರರಿಗೆ ಹೊಸದಲ್ಲ. ಆದರೆ ಅವರು ಕಂಡದ್ದು ಸಾವಿನ ಹಾಲು. ಈ ಅಧ್ಯಾಯದಲ್ಲಿ ಹೇಳಹೊರಟಿರುವುದು ನಿಜವಾದ ಹಾಲಿನ ಕತೆ. ತಾಯಿ ಮರಿಗೆ ಉಣಿಸುವ ಹಾಲು, ಮರಿಯ ಹೊಟ್ಟೆಯಲ್ಲಿ ಹರಳುಗಟ್ಟುವ ಹಾಲು. ಆ ತಾಯಿ ಒಂದು ಜಿರಳೆ. ಆ ಹರಳಿನೊಳಗಿನ ಒಂದೊಂದು ಪರಮಾಣುವೂ ಎಲ್ಲಿ ಕೂತಿದೆ ಎಂದು ಗುರುತಿಸಿದ ಕೆಲಸ ನಡೆದದ್ದು ಬಹುಪಾಲು ಬೆಂಗಳೂರಿನಲ್ಲಿ, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ‘ಇನ್‌ಸ್ಟೆಮ್’ ಸಂಸ್ಥೆಯಲ್ಲಿ.

ಜಿರಳೆ ಎಂದೊಡನೆ ನಮ್ಮ ಬಚ್ಚಲ ಮೋರಿಯದೇ ನೆನಪಾಗುತ್ತದೆ. ಇದು ಅದಲ್ಲ. ಡಿಪ್ಲೊಪ್ಟೆರಾ ಪಂಕ್ಟಾಟಾ ಎಂಬ ಈ ಜಿರಳೆ ಹವಾಯಿ ಮತ್ತಿತರ ಪೆಸಿಫಿಕ್ ದ್ವೀಪಗಳಲ್ಲಿ ಗಿಡಮರಗಳ ನಡುವೆ ಬದುಕುತ್ತದೆ. ಎರಡು ಸೆಂಟಿಮೀಟರಿನಷ್ಟು ಉದ್ದ, ಗಡುಸಾದ ಮುಂರೆಕ್ಕೆ, ಮೇಲಿನಿಂದ ನೋಡಿದರೆ ಜೀರುಂಡೆಯೇ ಅನ್ನಿಸುವ ಆಕಾರ.

ಸಾಮಾನ್ಯವಾಗಿ ಜಿರಳೆಗಳು ಮೊಟ್ಟೆಗಳನ್ನು ಗಟ್ಟಿಯಾದ ಕೋಶದೊಳಗೆ ಜೋಡಿಸಿಡುತ್ತವೆ. ಹುಣಸೆ ಬೀಜದಂಥ ಆ ಕಂದು ಕೋಶವನ್ನು ನಾವೆಲ್ಲ ಕಪಾಟಿನ ಮೂಲೆಯಲ್ಲಿ ಕಂಡಿದ್ದೇವೆ. ಮರಿಗೆ ಬೇಕಾದ ಬುತ್ತಿಯೆಲ್ಲ ಮೊಟ್ಟೆಯ ಭಂಡಾರದಲ್ಲೇ ಇರುತ್ತದೆ. ಕೋಶವನ್ನು ಎಲ್ಲಾದರೂ ಅಂಟಿಸಿಬಿಟ್ಟರೆ ತಾಯಿಯ ಕೆಲಸ ಮುಗಿಯಿತು. ಡಿಪ್ಲೊಪ್ಟೆರಾ ಹಾಗಲ್ಲ. ಅದು ಹತ್ತು ಹನ್ನೆರಡು ಮೊಟ್ಟೆಗಳನ್ನು ಹೊರಗೆ ತಂದು, ಸಾಲಾಗಿ ಜೋಡಿಸಿ, ಮತ್ತೆ ತನ್ನ ಮೈಯೊಳಗಿನ ಮರಿಚೀಲಕ್ಕೆ ಎಳೆದುಕೊಳ್ಳುತ್ತದೆ. ಮೊಟ್ಟೆಗಳಲ್ಲಿ ಬುತ್ತಿ ಬಹಳ ಕಡಿಮೆ. ಅದನ್ನೇ ನೆಚ್ಚಿಕೊಂಡರೆ ಮರಿ ಅರ್ಧಕ್ಕೇ ನಿಲ್ಲಬೇಕು. ಭ್ರೂಣಕ್ಕೆ ಬೆನ್ನು ಕೂಡಿ, ಬಾಯಿ ಮತ್ತು ಕರುಳು ರೂಪುಗೊಂಡ ಹೊತ್ತಿಗೆ ಮರಿಚೀಲದ ಒಳಗೋಡೆಯ ಕೋಶಗಳು ದ್ರವವೊಂದನ್ನು ಒಸರಿಸತೊಡಗುತ್ತವೆ. ಭ್ರೂಣಗಳು ಅದನ್ನು ಬಾಯಿಂದ ಕುಡಿಯುತ್ತವೆ. ಬಾಯಿಂದಲೇ, ಗುಟುಕು ಗುಟುಕಾಗಿ. ಒಟ್ಟು ಎರಡು ತಿಂಗಳ ಬಸಿರು. ಅದರಲ್ಲಿ ಹೆಚ್ಚು ಕಾಲ ಈ ಕುಡಿತ ನಡೆಯುತ್ತಲೇ ಇರುತ್ತದೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬಾರ್ಬರಾ ಸ್ಟೇ 1970ರ ದಶಕದಲ್ಲಿ ಈ ದ್ರವದ ಬೆನ್ನು ಹತ್ತಿದರು. ಒಣಗಿಸಿ ತೂಗಿದರೆ ಅದರಲ್ಲಿ ಅರ್ಧಕ್ಕೆ ಹತ್ತಿರ ಪ್ರೊಟೀನು, ಉಳಿದುದರಲ್ಲಿ ಸಕ್ಕರೆ ಮತ್ತು ಕೊಬ್ಬು. ಹಾಗಾಗಿ ಅದನ್ನು ಹಾಲು ಎಂದು ಕರೆಯಲು ಅವರು ಹಿಂಜರಿಯಲಿಲ್ಲ. ಕೆಚ್ಚಲಿದ್ದರೆ ಮಾತ್ರ ಹಾಲು ಎನ್ನುವುದು ನಮ್ಮ ರೂಢಿ. ತಾಯಿಯ ಮೈ ತಾನೇ ತಯಾರಿಸಿ ಮರಿಯ ಬಾಯಿಗೆ ಕೊಡುವ ಪೂರ್ಣ ಆಹಾರಕ್ಕೆ ಬೇರೆ ಯಾವ ಹೆಸರಿದೆ? ನನ್ನ ಮಟ್ಟಿಗೆ ಅದು ಹಾಲೇ.

ಆ ಹಾಲಿನ ಫಲ ಹುಟ್ಟುವಾಗ ಕಾಣುತ್ತದೆ. ನಮ್ಮ ಮನೆಯ ದೊಡ್ಡ ಕೆಂಪು ಜಿರಳೆಯ ಮರಿ ಹತ್ತು ಹನ್ನೆರಡು ಸಲ ಪೊರೆ ಬಿಟ್ಟು, ತಿಂಗಳುಗಟ್ಟಲೆ ಅಲೆದು ದೊಡ್ಡದಾಗುತ್ತದೆ. ಡಿಪ್ಲೊಪ್ಟೆರಾ ಮರಿ ಹುಟ್ಟುವಾಗಲೇ ಎಷ್ಟು ಬಲಿತಿರುತ್ತದೆ ಎಂದರೆ ಮೂರು ನಾಲ್ಕು ಪೊರೆಗಳಲ್ಲೇ ಪ್ರಾಯಕ್ಕೆ ಬರುತ್ತದೆ. ಬಯಲಿನಲ್ಲಿ ಇರುವೆ, ಜೇಡ, ಹಲ್ಲಿಗಳ ನಡುವೆ ಕಳೆಯಬೇಕಿದ್ದ ಅಪಾಯದ ಬಾಲ್ಯವನ್ನು ಅದು ಅಮ್ಮನ ಮೈಯೊಳಗೇ ಕಳೆದುಬಿಟ್ಟಿರುತ್ತದೆ.

ಈಗ ಹರಳಿನ ಮಾತು. ಬೆಳೆಯುತ್ತಿರುವ ಭ್ರೂಣವೊಂದನ್ನು ಮರಿಚೀಲದಿಂದ ಹೊರತೆಗೆದು, ಉಪ್ಪುನೀರಿನ ಹನಿಯಲ್ಲಿಟ್ಟು, ಸೂಜಿಮೊನೆಯಿಂದ ಅದರ ಹೊಟ್ಟೆ ಬಿಡಿಸಿದರೆ ನಡುಗರುಳಿನಿಂದ ಹೊಳೆಯುವ ಪುಡಿ ಚೆಲ್ಲುತ್ತದೆ. ಸೂಕ್ಷ್ಮದರ್ಶಕದಡಿ ಆ ಪುಡಿ ಚಪ್ಪಟೆ ಮುಖಗಳುಳ್ಳ, ಗಾಜಿನಷ್ಟು ತಿಳಿಯಾದ ಹರಳುಗಳಾಗಿ ಕಾಣುತ್ತದೆ. ಮರಿ ಕುಡಿದ ಹಾಲು ದ್ರವವಾಗಿತ್ತು. ಹೊಟ್ಟೆಯೊಳಗೆ ಹೋದ ಮೇಲೆ ಅದರ ಪ್ರೊಟೀನು ಸಾಂದ್ರವಾಗಿ ಹರಳುಗಟ್ಟಿದೆ. ಪಾಕ ಹದಕ್ಕೆ ಬಂದ ಮೇಲೆ ದಾರದ ಸುತ್ತ ಕಲ್ಲುಸಕ್ಕರೆ ಕಟ್ಟುವಂತೆ.

ಪ್ರೊಟೀನ್ ಹರಳು ಎಂದರೆ ಎಂಥ ದುರ್ಲಭ ವಸ್ತು ಎಂಬುದನ್ನು ಆ ಕೆಲಸದಲ್ಲಿ ಕೈ ಸವೆಸಿದವರ ಬಾಯಿಂದ ಕೇಳಬೇಕು. ಸಕ್ಕರೆಯ ಅಣು ಪುಟ್ಟದು, ಗಟ್ಟಿಮುಟ್ಟು, ಎಲ್ಲವೂ ಒಂದೇ ತೆರ. ಅವು ಸಾಲು ಹಿಡಿದು ನಿಲ್ಲುವುದು ಸುಲಭ. ಪ್ರೊಟೀನಿನ ಅಣುವಿನಲ್ಲಿ ಸಾವಿರಾರು ಪರಮಾಣುಗಳು. ಅದು ಬಳುಕುತ್ತದೆ, ನೀರಿನಲ್ಲಿ ತೊನೆಯುತ್ತದೆ, ಸ್ವಲ್ಪ ಕಾವು ಹೆಚ್ಚಾದರೆ ಒಡೆದ ಹಾಲಿನಂತೆ ಮುದ್ದೆಗಟ್ಟುತ್ತದೆ. ಪ್ರಯೋಗಾಲಯದಲ್ಲಿ ಮೊದಲು ಪ್ರೊಟೀನನ್ನು ತೊಳೆದು ತೊಳೆದು ಶುದ್ಧ ಮಾಡಬೇಕು. ಆಮೇಲೆ ನೂರಾರು ಹನಿಗಳಲ್ಲಿ ಉಪ್ಪು, ಆಮ್ಲ, ತಾಪಮಾನವನ್ನು ಒಂದಿಷ್ಟು ಅತ್ತ ಒಂದಿಷ್ಟು ಇತ್ತ ಮಾಡುತ್ತಾ ತಿಂಗಳುಗಟ್ಟಲೆ ಕಾಯಬೇಕು. ಹರಳು ಬಂದರೆ ಹಬ್ಬ. ಬಾರದೆ ಹೋಗುವುದೇ ಹೆಚ್ಚು. ಅಂಥದ್ದನ್ನು ಈ ಜಿರಳೆ ಮರಿ ತನ್ನ ಕರುಳಿನಲ್ಲಿ ಅನಾಯಾಸವಾಗಿ ಮಾಡುತ್ತದೆ.

ಹರಳಿಗೆ ಇಷ್ಟು ಬೆಲೆ ಬಂದದ್ದು ಎಕ್ಸ್-ರೇಯಿಂದ. 1912ರಲ್ಲಿ ಜರ್ಮನಿಯ ಮಾಕ್ಸ್ ಫಾನ್ ಲಾವ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದರೆ ಅದು ಚುಕ್ಕಿ ಚುಕ್ಕಿಯಾಗಿ ಚದುರುತ್ತದೆ ಎಂದು ತೋರಿಸಿದರು. ಆ ಚುಕ್ಕಿಗಳಿಂದ ಹರಳಿನೊಳಗೆ ಪರಮಾಣುಗಳು ನಿಂತಿರುವ ರೀತಿಯನ್ನು ಹಿಂದಕ್ಕೆ ಲೆಕ್ಕ ಹಾಕಬಹುದೆಂದು ಬ್ರಾಗ್ ತಂದೆ ಮಗ ತೋರಿಸಿಕೊಟ್ಟರು. ಅಡುಗೆ ಉಪ್ಪಿನಿಂದ ಶುರುವಾದ ಈ ವಿದ್ಯೆ ಮಯೋಗ್ಲೋಬಿನ್, ಹಿಮೋಗ್ಲೋಬಿನ್‌ಗಳವರೆಗೆ ಬರಲು ನಾಲ್ಕೈದು ದಶಕ ಹಿಡಿಯಿತು. ಕೆಂಡ್ರೂ ಮತ್ತು ಪೆರುಟ್ಸ್ ಅವರಿಗೆ ಅದಕ್ಕಾಗಿ 1962ರಲ್ಲಿ ನೊಬೆಲ್ ಬಂತು. ಬೆಂಗಳೂರಿಗೆ ಈ ವಿದ್ಯೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಕಟ್ಟಿದ ಅಣುಜೀವಭೌತ ವಿಭಾಗದಲ್ಲಿ ಎಂ. ವಿಜಯನ್ ಮತ್ತು ಅವರ ಶಿಷ್ಯರು 1990ರ ದಶಕದಲ್ಲೇ ನಮ್ಮ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೊಟೀನಿನ ರಚನೆಯನ್ನು ಬಿಡಿಸಿಟ್ಟಿದ್ದರು.

ಇದೇ ವಿದ್ಯೆಯ ಎಸ್. ರಾಮಸ್ವಾಮಿ ಅಯೋವಾದಲ್ಲಿ ಪ್ರಾಧ್ಯಾಪಕರಾಗಿದ್ದಾಗಲೇ ಬಾರ್ಬರಾ ಸ್ಟೇ ಅವರ ಜಿರಳೆಗಳ ಹರಳುಗಳು ಅವರ ಕಣ್ಣಿಗೆ ಬಿದ್ದಿದ್ದವು. ಮುಂದೆ ಅವರು ಬೆಂಗಳೂರಿನ ಇನ್‌ಸ್ಟೆಮ್‌ಗೆ ಬಂದಾಗ ಆ ಕೆಲಸವೂ ಜೊತೆಗೆ ಬಂತು. ಸಂಚಾರಿ ಬ್ಯಾನರ್ಜಿ ಮೊದಲ ಲೇಖಕಿಯಾಗಿದ್ದ ತಂಡದಲ್ಲಿ ಟೊರೊಂಟೊದ ಕೀಟವಿಜ್ಞಾನಿ ಸ್ಟೀಫನ್ ಟೋಬ್ ಇದ್ದರು, ಸಿಂಕ್ರೊಟ್ರಾನ್ ಎಕ್ಸ್-ರೇಯಲ್ಲಿ ಪಳಗಿದ ಲಿಯೊನಾರ್ಡ್ ಚವಾಸ್ ಇದ್ದರು, ಬಾರ್ಬರಾ ಸ್ಟೇ ಕೂಡ ಇದ್ದರು. ಅಂತಾರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾದದ್ದು 2016ರಲ್ಲಿ.

ದಾರಿ ಸುಲಭವಿರಲಿಲ್ಲ. ಕೆರೆಗೆ ಕಲ್ಲೆಸೆದವರನ್ನು ನೀವು ನೋಡಿಲ್ಲ, ದಡಕ್ಕೆ ಬಂದು ಬಡಿದ ಅಲೆಗಳನ್ನು ಮಾತ್ರ ನೋಡಿದ್ದೀರಿ ಎಂದುಕೊಳ್ಳಿ. ಅಲೆ ಎಷ್ಟು ಎತ್ತರ ಎಂದು ಅಳೆಯಬಹುದು. ಯಾವ ಅಲೆ ಯಾವುದಕ್ಕಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಹೊರಟಿತ್ತು ಎಂಬುದು ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಕಲ್ಲು ಬಿದ್ದ ಜಾಗ ಹೇಳಲಾಗದು. ಎಕ್ಸ್-ರೇ ಚುಕ್ಕಿಗಳ ಪಾಡೂ ಅದೇ. ಹೊಳಪು ಅಳತೆಗೆ ಸಿಗುತ್ತದೆ, ಅಲೆಯ ಹಿಂದುಮುಂದು ಕಳೆದುಹೋಗಿರುತ್ತದೆ. ಪೆರುಟ್ಸ್ ಇದಕ್ಕೆ ಪಾದರಸದಂಥ ಭಾರದ ಪರಮಾಣುವನ್ನು ಹರಳಿಗೆ ಸೇರಿಸಿ ಅದನ್ನು ಗುರುತುಕಲ್ಲಾಗಿ ಬಳಸಿದ್ದರು. ಜಿರಳೆ ಹಾಲಿನ ಹರಳಿನಲ್ಲಿ ಬೆಂಗಳೂರಿನ ತಂಡ ಹೊರಗಿನದೇನನ್ನೂ ಸೇರಿಸದೆ, ಪ್ರೊಟೀನಿನಲ್ಲಿ ಸಹಜವಾಗಿಯೇ ಇರುವ ಗಂಧಕದ ಕೆಲವೇ ಪರಮಾಣುಗಳನ್ನು ಗುರುತುಕಲ್ಲು ಮಾಡಿಕೊಂಡಿತು. ಗಂಧಕ ಕೊಡುವ ಸುಳಿವು ಬಲು ಕ್ಷೀಣ. ಹರಳು ಅಚ್ಚುಕಟ್ಟಾಗಿದ್ದರೆ ಮಾತ್ರ ಅದು ಕೇಳಿಸುತ್ತದೆ.

ಈ ಹರಳು ಅಚ್ಚುಕಟ್ಟಾಗಿತ್ತು. ಚಿತ್ರದ ಸೂಕ್ಷ್ಮತೆ 1.2 ಆಂಗ್‌ಸ್ಟ್ರಾಮ್‌ವರೆಗೆ ಹೋಯಿತು. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಎರಡು ಇಂಗಾಲದ ಪರಮಾಣುಗಳು ಕೈ ಹಿಡಿದು ನಿಂತರೆ ನಡುವಿನ ಅಂತರ ಸುಮಾರು ಒಂದೂವರೆ ಆಂಗ್‌ಸ್ಟ್ರಾಮ್. ಎಂದರೆ ಈ ಚಿತ್ರದಲ್ಲಿ ಒಂದೊಂದು ಪರಮಾಣುವೂ ಬೇರೆ ಬೇರೆಯಾಗಿ ಕಾಣುತ್ತದೆ.

ಕಂಡದ್ದೇನು? ಎಂಟು ಸೀಳಿನ ಒಂದು ಬುಟ್ಟಿ. ಬಿದಿರಿನ ಸೀಳುಗಳನ್ನು ಒಂದರ ಪಕ್ಕ ಒಂದು, ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ ಹೋಗುವಂತೆ ಜೋಡಿಸಿ, ತುಸು ಓರೆಯಾಗಿ ತಿರುಚಿ, ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಿದರೆ ಹೇಗೋ ಹಾಗೆ. ಪ್ರೊಟೀನಿನ ಒಂದೇ ಉದ್ದನೆಯ ಸರ ಎಂಟು ಸಲ ಹೀಗೆ ಹೋಗಿ ಬಂದು ಪೊಳ್ಳು ಪೀಪಾಯಿಯಾಗಿದೆ. ಬುಟ್ಟಿಯ ಹೊರಮೈ ನೀರಿಗೆ ಒಗ್ಗುವಂಥದು, ಒಳಮೈ ಎಣ್ಣೆಗೆ ಒಗ್ಗುವಂಥದು. ಒಳಗಿನ ಪೊಳ್ಳಿನಲ್ಲಿ ಕೊಬ್ಬಿನಾಮ್ಲದ ಒಂದು ಅಣು ಮಲಗಿದೆ. ಒಲೀಯಿಕ್ ಆಮ್ಲ ಅಥವಾ ಲಿನೊಲೀಯಿಕ್ ಆಮ್ಲ, ಅಂದರೆ ನಮ್ಮ ಶೇಂಗಾ ಎಣ್ಣೆಯಲ್ಲಿ ಧಾರಾಳವಾಗಿರುವವೇ. ಬುಟ್ಟಿಯ ಹೊರಗೆ ನಾಲ್ಕು ಕಡೆ ಸಕ್ಕರೆಯ ಕವಲು ಕವಲಾದ ಸರಗಳು ತೂಗುತ್ತಿವೆ. ಪ್ರೊಟೀನು, ಕೊಬ್ಬು, ಸಕ್ಕರೆ ಎಲ್ಲ ಒಂದೇ ಪೊಟ್ಟಣದಲ್ಲಿ. ಮರಿಗೆ ಬೇಕಾದ ಅಗತ್ಯ ಅಮೈನೊ ಆಮ್ಲಗಳೂ ಆ ಸರದಲ್ಲೇ ಹೆಣೆದುಕೊಂಡಿವೆ. ಈ ಪ್ರೊಟೀನಿಗೆ ವಿಜ್ಞಾನಿಗಳು ಇಟ್ಟ ಹೆಸರು ‘ಲಿಲಿ-ಮಿಪ್’. ಲಿಪೊಕ್ಯಾಲಿನ್ ತರಹದ ಹಾಲುಪ್ರೊಟೀನು ಎಂಬುದರ ಮೊಟಕು ರೂಪ.

ಲಿಪೊಕ್ಯಾಲಿನ್ ಎಂದರೆ ಹೀಗೆ ಬುಟ್ಟಿಯಾಕಾರದಲ್ಲಿ ಮಡಿಚಿಕೊಂಡು ಏನನ್ನಾದರೂ ಒಳಗಿಟ್ಟು ಸಾಗಿಸುವ ಪ್ರೊಟೀನುಗಳ ದೊಡ್ಡ ಮನೆತನ. ನಮ್ಮ ರಕ್ತದಲ್ಲಿ ಎ ಜೀವಸತ್ವವನ್ನು ಹೊತ್ತೊಯ್ಯುವ ಪ್ರೊಟೀನು ಈ ಮನೆತನದ್ದು. ಅದಕ್ಕಿಂತ ಹತ್ತಿರದ ಉದಾಹರಣೆ ಅಡುಗೆಮನೆಯಲ್ಲೇ ಇದೆ. ಹಸುವಿನ ಹಾಲಿಗೆ ನಿಂಬೆಹುಳಿ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿಯುವ ಬಿಳಿಯ ಗಿಣ್ಣದಂಥ ಮುದ್ದೆ ಹೆಚ್ಚಾಗಿ ಕೇಸೀನು. ಕೆಳಗೆ ಪಾತ್ರೆಗೆ ಇಳಿಯುವ ತಿಳಿಹಸಿರು ನೀರಿನಲ್ಲಿ ಬೀಟಾ-ಲ್ಯಾಕ್ಟೊಗ್ಲೋಬ್ಯುಲಿನ್ ಎಂಬ ಪ್ರೊಟೀನು ಇರುತ್ತದೆ. ಅದೂ ಲಿಪೊಕ್ಯಾಲಿನ್. ಅದೇ ಎಂಟು ಸೀಳಿನ ಬುಟ್ಟಿ, ಅದೇ ಎಣ್ಣೆಗೊಗ್ಗುವ ಪೊಳ್ಳು. ನನ್ನನ್ನು ಈ ವಿಷಯದಲ್ಲಿ ಹಿಡಿದು ನಿಲ್ಲಿಸಿದ್ದು ಇದು. ಹಸುವೂ ಜಿರಳೆಯೂ ಐವತ್ತು ಕೋಟಿ ವರ್ಷಗಳಿಗೂ ಹಿಂದೆ ದಾರಿ ಬೇರೆ ಮಾಡಿಕೊಂಡ ಜೀವಿಗಳು. ಆಗ ಕೆಚ್ಚಲೂ ಇರಲಿಲ್ಲ, ಮರಿಚೀಲವೂ ಇರಲಿಲ್ಲ. ಮರಿಗೆ ಮೈಯ ರಸ ಉಣಿಸುವುದನ್ನು ಇವೆರಡೂ ತಮ್ಮ ತಮ್ಮ ಪಾಡಿಗೆ ಕಲಿತವು. ಕಲಿಯುವಾಗ ಅಟ್ಟದ ಮೇಲಿದ್ದ ಪೂರ್ವಿಕರ ಒಂದೇ ಹಳೆಯ ಬುಟ್ಟಿಯನ್ನು ಎರಡೂ ಕೆಳಗಿಳಿಸಿಕೊಂಡವು. ಮನುಷ್ಯರ ತಾಯಿಹಾಲಿನಲ್ಲಿ ಬೀಟಾ-ಲ್ಯಾಕ್ಟೊಗ್ಲೋಬ್ಯುಲಿನ್ ಇಲ್ಲ. ಆ ಒಂದು ಲೆಕ್ಕದಲ್ಲಿ ಹಸುವಿನ ಹಾಲು ನಮ್ಮ ಅಮ್ಮಂದಿರ ಹಾಲಿಗಿಂತ ಈ ಜಿರಳೆಯ ಹಾಲಿಗೇ ಹತ್ತಿರ.

ಕೇಸೀನಿನ ಬಗೆ ಬೇರೆ. ಅದಕ್ಕೆ ನೆಟ್ಟಗಿನ ಒಂದು ಆಕಾರವೇ ಇಲ್ಲ. ಸಡಿಲವಾದ ದಾರಗಳಂತೆ ಸುತ್ತಿಕೊಂಡು, ಸುಣ್ಣದ ಅಂಶವನ್ನು ನಡುವೆ ಹಿಡಿದಿಟ್ಟುಕೊಂಡು ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತದೆ. ಕರುವಿನ ಹೊಟ್ಟೆಯಲ್ಲಿ ಅದು ಮೊಸರಿನ ಹಾಗೆ ಗಟ್ಟಿಯಾಗಿ ನಿಂತು ನಿಧಾನವಾಗಿ ಜೀರ್ಣವಾಗುತ್ತದೆ. ಜಿರಳೆ ಮರಿಯ ಹೊಟ್ಟೆಯಲ್ಲಿ ಆ ನಿಲ್ಲುವ ಕೆಲಸವನ್ನು ಹರಳು ಮಾಡುತ್ತದೆ. ಹೊರಮೈಯ ಅಣುಗಳು ಒಂದೊಂದಾಗಿ ಕಳಚಿ ಜೀರ್ಣವಾದಂತೆ ಒಳಗಿನ ಪದರ ಮುಂದಕ್ಕೆ ಬರುತ್ತದೆ. ಉಂಡಷ್ಟು ಮಾತ್ರ ಕರಗುವ ಬುತ್ತಿ. ಇನ್ನೊಂದು ಅನುಕೂಲವೂ ಇದೆ. ಇಷ್ಟು ಪ್ರೊಟೀನು ದ್ರವದಲ್ಲಿ ಬಿಡಿಬಿಡಿಯಾಗಿ ಕರಗಿದ್ದರೆ ಅದು ಸುತ್ತಲಿನ ಅಂಗಾಂಶದಿಂದ ನೀರನ್ನು ಸೆಳೆದುಕೊಳ್ಳುತ್ತಿತ್ತು. ಹರಳಾಗಿ ಕೂತ ಅಣುಗಳಿಗೆ ಆ ಸೆಳೆತವಿಲ್ಲ. ಪುಟ್ಟ ಹೊಟ್ಟೆಯಲ್ಲಿ ದೊಡ್ಡ ಕಣಜ ಹಿಡಿಯುತ್ತದೆ.

ಇನ್ನು ಆ ಪ್ರಬಂಧದ ತಿರುಳಿಗೆ ಬರುತ್ತೇನೆ. ಇದರ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದು ಬಹಳ ಕಡಿಮೆ.

ಕರಾವಳಿಯಲ್ಲಿ ಮಂಗಳೂರು ಹೆಂಚಿನ ಮಾಡು ರಿಪೇರಿ ಮಾಡುವವರಿಗೆ ಗೊತ್ತು, ಒಂದು ಕಾರ್ಖಾನೆಯ ಹೆಂಚಿನ ನಡುವೆ ಇನ್ನೊಂದರ ಹೆಂಚು ಸರಿಯಾಗಿ ಕೂರುವುದಿಲ್ಲ. ಅಂಚಿನ ಗೀರು ಒಂದು ನೂಲು ಹೆಚ್ಚುಕಡಿಮೆಯಾದರೂ ಮಳೆಗಾಲದಲ್ಲಿ ಸೋರುತ್ತದೆ. ಹಾಗಾಗಿ ಹಿಂಬದಿಯ ಮುದ್ರೆ ನೋಡಿ ಅದೇ ಹೆಂಚನ್ನು ಹುಡುಕಿ ತರುತ್ತಾರೆ. ಹರಳು ಕಟ್ಟುವವರ ನಿಯಮವೂ ಇದೇ. ಎಲ್ಲ ಅಣುಗಳೂ ಒಂದೇ ಅಚ್ಚಿನವಾಗಿರಬೇಕು. ಸಕ್ಕರೆಯ ಸರಗಳು ಜೋತಾಡುತ್ತಿದ್ದರೆ ಕಿಣ್ವ ಹಾಕಿ ಕತ್ತರಿಸಿ ಹಾಕುತ್ತಾರೆ. ಕಲಬೆರಕೆ ಇದ್ದರೆ ಹರಳಿಲ್ಲ, ಇದ್ದರೂ ಚಿತ್ರ ಮಸುಕು.

ಜಿರಳೆಯ ಹಾಲು ಈ ನಿಯಮವನ್ನು ಮೂರು ಕಡೆ ಮುರಿಯುತ್ತದೆ. ಮೊದಲನೆಯದಾಗಿ, ಅದರ ಹಾಲುಪ್ರೊಟೀನು ಒಂದೇ ಒಂದಲ್ಲ. ತಾಯಿಯ ಜೀನುಗಳ ನಕಲುಗಳನ್ನು ಓದಿದಾಗ ಒಂದಕ್ಕೊಂದು ತೀರಾ ಹತ್ತಿರದ, ಆದರೆ ಅಲ್ಲಲ್ಲಿ ಅಮೈನೊ ಆಮ್ಲ ಬದಲಾಗಿರುವ 22 ರೂಪಗಳು ಸಿಕ್ಕಿವೆ. ಹಾಲು ಬೇಗ ಬೇಗ, ಹೆಚ್ಚು ಹೆಚ್ಚು ಬೇಕಾದಾಗ ಒಂದೇ ಜೀನು ಮತ್ತೆ ಮತ್ತೆ ನಕಲಾಗಿ, ನಕಲುಗಳು ಕಾಲಕ್ರಮೇಣ ಸ್ವಲ್ಪ ಸ್ವಲ್ಪ ಬದಲಾಗಿರಬೇಕು. ಎರಡನೆಯದು, ಹೊರಗಿನ ಸಕ್ಕರೆಯ ಸರಗಳು ಎಲ್ಲ ಅಣುಗಳಲ್ಲೂ ಒಂದೇ ಉದ್ದಕ್ಕಿಲ್ಲ. ಮೂರನೆಯದು, ಬುಟ್ಟಿಯೊಳಗಿನ ಕೊಬ್ಬು ಕೆಲವದರಲ್ಲಿ ಒಂದು, ಕೆಲವದರಲ್ಲಿ ಇನ್ನೊಂದು. ಇಷ್ಟು ಬೆರಕೆಯ ಅಣುಗಳು ಒಂದೇ ಹರಳಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಹಾಗೆ ನಿಂತೂ ಒಂದೊಂದು ಪರಮಾಣು ಕಾಣುವಷ್ಟು ಶಿಸ್ತು. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳಿಂದ ಹೊದೆಸಿದ ಮಾಡು, ಎಲ್ಲೂ ಒಂದು ಹನಿ ಸೋರದೆ!

ಇದು ಹೇಗೆ ಸಾಧ್ಯವಾಯಿತು ಎಂಬುದು ಚಿತ್ರವನ್ನು ನಿಧಾನವಾಗಿ ನೋಡಿದರೆ ಹೊಳೆಯುತ್ತದೆ. ಅಣುವಿನ ಬುಟ್ಟಿಯ ಹೆಣಿಗೆ ಎಲ್ಲದರಲ್ಲೂ ಒಂದೇ. ರೂಪ ರೂಪಕ್ಕೂ ಇರುವ ವ್ಯತ್ಯಾಸ ಆ ಹೆಣಿಗೆಯನ್ನು ಕೆಡಿಸುವಂಥದಲ್ಲ, ಹೆಂಚಿನ ಬೆನ್ನಿನ ಮುದ್ರೆ ಬೇರೆಯಾದಂತೆ. ಅಂಥ ಜಾಗಗಳಲ್ಲಿ ಚಿತ್ರ ಒಂದೇ ಅಮೈನೊ ಆಮ್ಲವನ್ನು ತೋರಿಸದೆ ಎರಡರ ನೆರಳನ್ನು ಒಂದರ ಮೇಲೊಂದು ತೋರಿಸುತ್ತದೆ. ಒಂದೇ ಫೋಟೊದಲ್ಲಿ ಅಕ್ಕತಂಗಿಯರ ಮುಖಗಳು ಬೆರೆತಂತೆ. ಹಾಗೆ ನೆರಳು ಬೆರೆತ ಕಡೆಗಳನ್ನು ಒಂದೊಂದಾಗಿ ಬಿಡಿಸುವುದು ಎಷ್ಟು ತಾಳ್ಮೆಯ ಕೆಲಸವೆಂದು ಆ ಚಿತ್ರಗಳನ್ನು ನೋಡಿದವರಿಗೆ ಅರ್ಥವಾಗುತ್ತದೆ. ಜೀವದ ಒಳಗೆ ಶಿಸ್ತು ಹುಟ್ಟಲು ಏಕರೂಪ ಬೇಕೇ ಬೇಕು ಎಂಬ ನಮ್ಮ ನಂಬಿಕೆಯನ್ನು ಈ ಹರಳು ಸಡಿಲಿಸುತ್ತದೆ. ಈ ಸಂಶೋಧನೆಯ ದೊಡ್ಡ ಕೊಡುಗೆ ಇದೇ ಎಂದು ನಾನು ತಿಳಿದಿದ್ದೇನೆ.

ಲೋಕ ಹಿಡಿದುಕೊಂಡದ್ದು ಬೇರೊಂದು ವಾಕ್ಯವನ್ನು. ಹರಳಿನ ಪ್ರೊಟೀನು, ಕೊಬ್ಬು, ಸಕ್ಕರೆಗಳ ಲೆಕ್ಕ ಹಾಕಿ, 100 ಗ್ರಾಂ ಹರಳಿನಲ್ಲಿ ಸುಮಾರು 232 ಕಿಲೊಕ್ಯಾಲರಿ ಶಕ್ತಿಯಿದೆ, ಅಷ್ಟೇ ತೂಕದ ಡೈರಿ ಹಾಲಿಗಿಂತ ಅದು ಮೂರು ಪಟ್ಟಿಗೂ ಹೆಚ್ಚು ಎಂದು ಪ್ರಬಂಧ ಅಂದಾಜು ಮಾಡಿತ್ತು. ಸ್ವಲ್ಪ ದಿನಗಳಲ್ಲೇ ಜಗತ್ತಿನ ಪತ್ರಿಕೆಗಳಲ್ಲಿ ಜಿರಳೆ ಹಾಲು ನಾಳೆಯ ಮಹಾಆಹಾರವಾಯಿತು. ನಮ್ಮ ಟಿವಿ ವಾಹಿನಿಗಳೂ ಹಿಂದೆ ಬೀಳಲಿಲ್ಲ.

ಆ ಹೋಲಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಸುವಿನ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಹರಳು ಗಟ್ಟಿ ಪದಾರ್ಥ. ನೀರು ತುಂಬಿದ ಹಾಲನ್ನೂ ಒತ್ತಾಗಿ ಕೂತ ಹರಳನ್ನೂ ತಕ್ಕಡಿಯ ಎರಡು ತಟ್ಟೆಗೆ ಹಾಕಿದರೆ ಹರಳು ಗೆಲ್ಲದೆ ಇನ್ನೇನು? ಅದೇ ಹಾಲನ್ನು ಕೆನೆ ತೆಗೆದು ಪುಡಿ ಮಾಡಿದರೆ 100 ಗ್ರಾಂಗೆ ಸುಮಾರು 360 ಕಿಲೊಕ್ಯಾಲರಿ. ಹುರಿದ ಶೇಂಗಾ 550ರ ಮೇಲೆ ಹೋಗುತ್ತದೆ. ಪ್ರಬಂಧದ ಲೆಕ್ಕ ತಪ್ಪಲ್ಲ. ಮರಿಯ ಪುಟ್ಟ ಹೊಟ್ಟೆಯಲ್ಲಿ ಎಷ್ಟು ಶಕ್ತಿ ಅಡಕವಾಗಿದೆ ಎಂದು ತೋರಿಸಲು ಅದು ಸರಿಯಾದ ಲೆಕ್ಕವೇ. ಅದನ್ನು ನಮ್ಮ ಲೋಟಕ್ಕೆ ತಂದು ಸುರಿದದ್ದು ಆಮೇಲಿನವರು. ಜಿರಳೆಯನ್ನು ಕರೆದು ಲೋಟ ತುಂಬಿಸಲು ಆಗುವುದಿಲ್ಲ. ತಾಯಿಯ ಮರಿಚೀಲ ಬಿಡಿಸಿ, ಮರಿಗಳ ಹೊಟ್ಟೆ ಬಿಡಿಸಿ ತೆಗೆಯಬೇಕು. ಹಾಗಾಗಿಯೇ ಸಂಶೋಧಕರು ಈ ಪ್ರೊಟೀನಿನ ಜೀನನ್ನು ಯೀಸ್ಟ್‌ಗೆ ಸೇರಿಸಿ ಅಲ್ಲಿ ತಯಾರಿಸುವ ಮಾತಾಡಿದರು. ಅದು ಆಗಬಹುದಾದ ಕೆಲಸ. ಇನ್ಸುಲಿನ್ ಅನ್ನು ನಾವು ಹಾಗೆಯೇ ಮಾಡುತ್ತಿದ್ದೇವೆ.

ಆದರೆ ಮನುಷ್ಯರು ಇದನ್ನು ತಿನ್ನುವ ಮೊದಲು ಒಂದು ಪ್ರಶ್ನೆಯನ್ನು ರಚನೆಯೇ ಎತ್ತುತ್ತದೆ. ಹಸುವಿನ ಹಾಲು ಆಗದ ಎಳೆಮಕ್ಕಳ ಮೈ ಹೆಚ್ಚಾಗಿ ತಿರುಗಿ ಬೀಳುವ ಪ್ರೊಟೀನುಗಳಲ್ಲಿ ಬೀಟಾ-ಲ್ಯಾಕ್ಟೊಗ್ಲೋಬ್ಯುಲಿನ್ ಮುಖ್ಯವಾದುದು. ಅಡುಗೆಮನೆಯ ಸಣ್ಣ ಜಿರಳೆಯಿಂದ ಉಬ್ಬಸ ಬರುವವರಲ್ಲಿ ಅದಕ್ಕೆ ಕಾರಣವಾಗುವ ಪ್ರೊಟೀನುಗಳಲ್ಲಿ ಒಂದು ಕೂಡ ಲಿಪೊಕ್ಯಾಲಿನ್ನೇ. ಬೆಕ್ಕು ನಾಯಿ ಕುದುರೆಗಳ ಅಲರ್ಜಿಕಾರಕಗಳಲ್ಲೂ ಈ ಮನೆತನದವು ಹಲವು. ಲಿಲಿ-ಮಿಪ್ ಹಾಗೆ ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಅದರ ಬುಟ್ಟಿಯ ಹೆಣಿಗೆ ನೋಡಿದವರು ಮೊದಲು ಪರೀಕ್ಷಿಸಬೇಕಾದದ್ದು ಶಕ್ತಿಯ ಲೆಕ್ಕವನ್ನಲ್ಲ, ಇದನ್ನು. ಉಬ್ಬಸದ ಮಗುವನ್ನು ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ಓಡಾಡಿದ ಯಾರಿಗೂ ಈ ಎಚ್ಚರಿಕೆ ಅತಿ ಅನ್ನಿಸುವುದಿಲ್ಲ.

ರಚನೆ ತಿಳಿದದ್ದರಿಂದ ಉಪಯೋಗ ಬರುವುದಾದರೆ ಅದು ಬೇರೆ ಕಡೆಯಿಂದ ಬರುತ್ತದೆ ಎಂದು ನನಗೆ ತೋರುತ್ತದೆ. ಸೋರದ, ಕೆಡದ, ಸುತ್ತಲಿನ ಬೇಡಿಕೆಗೆ ತಕ್ಕಷ್ಟೇ ಕರಗುವ ಪ್ರೊಟೀನಿನ ಹರಳು ಔಷಧ ತಯಾರಕರ ಹಳೆಯ ಕನಸು. ನಮ್ಮ ಮೇದೋಜೀರಕ ಗ್ರಂಥಿ ಇನ್ಸುಲಿನ್ ಅನ್ನು ಸತುವಿನೊಂದಿಗೆ ಪುಟ್ಟ ಹರಳು ಮಾಡಿಯೇ ಇಟ್ಟುಕೊಳ್ಳುತ್ತದೆ. ಜಿರಳೆಯ ಬುಟ್ಟಿಗೆ ಒಳಗೊಂದು ಪೊಳ್ಳಿದೆ. ಈಗ ಕೊಬ್ಬಿರುವ ಆ ಜಾಗದಲ್ಲಿ, ನೀರಿನಲ್ಲಿ ಕರಗದ ಔಷಧವೊಂದನ್ನು ಮಲಗಿಸಿ ಹರಳುಗಟ್ಟಿಸಬಹುದೇ ಎಂದು ಕೇಳುವುದು ಈಗ ಬರಿಯ ಊಹೆಯಲ್ಲ. ಪೊಳ್ಳಿನ ಒಳಗೋಡೆಯ ಒಂದೊಂದು ಪರಮಾಣುವಿನ ವಿಳಾಸ ನಮ್ಮ ಕೈಯಲ್ಲಿದೆ.

ಇನ್ನೊಂದು ದಾರಿ ಆಫ್ರಿಕಕ್ಕೆ ಹೋಗುತ್ತದೆ. ಅಲ್ಲಿನ ತ್ಸೆತ್ಸೆ ನೊಣ ಮನುಷ್ಯರಿಗೆ ನಿದ್ರಾರೋಗವನ್ನೂ ದನಗಳಿಗೆ ನಗಾನಾ ಎಂಬ ಸೊರಗು ರೋಗವನ್ನೂ ಹರಡುತ್ತದೆ. ನೊಣ ಎಂದರೆ ನೂರಾರು ಮೊಟ್ಟೆಯಿಡುವ ಜಾತಿ ಎಂದುಕೊಂಡವರಿಗೆ ಅದು ಅಚ್ಚರಿ. ತ್ಸೆತ್ಸೆ ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಗರ್ಭದಲ್ಲಿಟ್ಟು ಹಾಲುಣಿಸಿ ಬೆಳೆಸುತ್ತದೆ. ಅದರ ಹಾಲಿನಲ್ಲಿ ಹೇರಳವಾಗಿರುವ ಪ್ರೊಟೀನುಗಳಲ್ಲಿ ಒಂದು, ಮತ್ತೆ, ಲಿಪೊಕ್ಯಾಲಿನ್. ಮೂರನೆಯ ತಾಯಿ, ಅಟ್ಟದ ಮೇಲಿನ ಅದೇ ಬುಟ್ಟಿ. ಪ್ರಯೋಗಾಲಯದಲ್ಲಿ ಹಾಲಿನ ಪ್ರೊಟೀನು ಹುಟ್ಟದಂತೆ ತಡೆದಾಗ ನೊಣದ ಸಂತಾನ ಇಳಿದಿದೆ. ಹತ್ತು ದಿನಕ್ಕೊಂದರಂತೆ ಮಾತ್ರ ಮರಿ ಹೆರುವ ಕೀಟಕ್ಕೆ ಒಂದೊಂದು ಮರಿಯೂ ಲೆಕ್ಕದ್ದೇ.

ತ್ಸೆತ್ಸೆಯ ಮರಿಹುಳು ಹುಟ್ಟಿದ ಮೇಲೆ ಏನನ್ನೂ ತಿನ್ನುವುದಿಲ್ಲ. ನೆಲಕ್ಕೆ ಬಿದ್ದೊಡನೆ ನೆರಳಿನ ಸಡಿಲ ಮಣ್ಣು ಹುಡುಕಿ ಒಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದರ ಚರ್ಮ ಗಡುಸಾಗಿ ಕಪ್ಪು ಗೂಡಾಗುತ್ತದೆ. ವಾರಗಟ್ಟಲೆ ಕಳೆದು ರೆಕ್ಕೆ ಬಿಚ್ಚಿ ಹಾರುವ ನೊಣದ ಮೈಯೆಲ್ಲ, ಕಣ್ಣು ಕಾಲು ರೆಕ್ಕೆ ಸಮೇತ, ಅಮ್ಮನ ಹಾಲಿನಿಂದಲೇ ಆದದ್ದು.